ಬರೆಯದೇ ಬಿಟ್ಟ ಸುತ್ತು

ಬಳ್ಳಾರಿ ಕಡೆಯ ಒಂದು ಊರಿನ ಹೊರಗೆ ಕೆಂಪು ಮಣ್ಣಿನ ಬಯಲಿತ್ತು. ಅಲ್ಲೊಂದು ಮೊಟ್ಟೆಯಾಕಾರದ ಪುಟ್ಟ ರೇಸ್ ಟ್ರ್ಯಾಕ್. ಒಂದು ಸುತ್ತು ಅಂದರೆ ಬರೀ ನಾನೂರು ಮೀಟರ್. ತಿಂಗಳಿಗೊಂದು ಭಾನುವಾರ ಊರಿನ ಹುಡುಗ ಹುಡುಗಿಯರು ಗುಜರಿಗೆ ಹೋಗಬೇಕಿದ್ದ ಕಾರುಗಳನ್ನು ರಿಪೇರಿ ಮಾಡಿಕೊಂಡು ತಂದು ಅಲ್ಲಿ ಓಡಿಸುತ್ತಿದ್ದರು.

ಅವರಲ್ಲಿ ಹುಲಿಗೆಮ್ಮ ಒಬ್ಬಳು. ವಯಸ್ಸು ಇಪ್ಪತ್ತೆರಡು. ವಾರವಿಡೀ ಶಾಲೆಯ ವ್ಯಾನ್ ಓಡಿಸುವವಳು. ತಿರುವಿನಲ್ಲಿ ಕಾರು ಜಾರಿದರೆ ಗಾಬರಿಯಾಗಿ ಬ್ರೇಕ್ ತುಳಿಯಬಾರದು, ಸ್ಟೇರಿಂಗ್‌ನಲ್ಲೇ ಹಿಡಿಯಬೇಕು. ಮುಂದಿನ ಕಾರಿನ ಧೂಳಿನಲ್ಲಿ ದಾರಿಯೇ ಕಾಣದಿದ್ದರೂ ಅಂದಾಜಿನಲ್ಲಿ ಹೋಗಬೇಕು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನಾಲ್ಕು ವರ್ಷ ಆ ಮಣ್ಣು ತಿಂದು ಕಲಿತಳು.

ಆ ವರ್ಷ ದೊಡ್ಡ ರೇಸ್ ತಂಡವೊಂದರ ಕೋಚ್ ಪೂವಯ್ಯ ಊರಿಗೆ ಬಂದರು. ಇಪ್ಪತ್ತೈದು ಸುತ್ತಿನ ರೇಸ್ ನಡೆಯುತ್ತದೆ, ಗೆದ್ದವರು ತಮ್ಮ ತಂಡದ ಡ್ರೈವರ್ ಆಗುತ್ತಾರೆ ಎಂದರು. ಅಂಥ ಅವಕಾಶ ಆ ಊರಿಗೆ ಹಿಂದೆಂದೂ ಬಂದಿರಲಿಲ್ಲ.

ಆ ಟ್ರ್ಯಾಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಸುತ್ತು ಎಣಿಸುತ್ತಿದ್ದವರು ಯಂಕೋಬ ಮಾಸ್ತರು, ಊರಿನ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಕಾರು ಗೆರೆ ದಾಟಿದಾಗೆಲ್ಲ ಕರಿಹಲಗೆಯ ಮೇಲೆ ಅದರ ನಂಬರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದರು. ಅವರು ಎಳೆದ ಗೀಟನ್ನು ಯಾರೂ ಪ್ರಶ್ನಿಸಿದ್ದಿಲ್ಲ.

ರೇಸಿನ ದಿನ ಬೆಳಗ್ಗೆ ಬಯಲಿನ ಮಾಲೀಕ ಚನ್ನನಗೌಡ ಮಾಸ್ತರನ್ನು ಪಕ್ಕಕ್ಕೆ ಕರೆದ. ಅವನ ಮಗ ಪಂಪನಗೌಡನೂ ಸ್ಪರ್ಧೆಯಲ್ಲಿದ್ದ.

"ಮಾಸ್ತರ, ಆ ಹುಡುಗಿ ಹುಲಿಗೆಮ್ಮಗ ಒಂದು ಸುತ್ತು ಕಮ್ಮಿ ಬರೀರಿ. ಧೂಳಿನಾಗ ಯಾರಿಗೂ ತಿಳಿಯಂಗಿಲ್ಲ."

"ಅದೆಂಗಾಗತೈತಿ ಗೌಡ್ರ?"

"ಆಗಲಿಲ್ಲಂದ್ರ ನಾಳಿಗೆ ಈ ಬಯಲಿಗೆ ಟ್ರ್ಯಾಕ್ಟರ್ ಬಿಡತೀನಿ. ಟ್ರ್ಯಾಕೂ ಇರಂಗಿಲ್ಲ, ನಿಮ್ಮ ಹುಡುಗರ ಆಟಾನೂ ಇರಂಗಿಲ್ಲ."

ಮಾಸ್ತರು ಯೋಚಿಸಿದರು. ಒಬ್ಬಳಿಗೆ ಅನ್ಯಾಯವಾದರೂ ಐವತ್ತು ಮಕ್ಕಳಿಗೆ ಟ್ರ್ಯಾಕ್ ಉಳಿಯುತ್ತದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಎಂಥ ಒಳ್ಳೆಯ ಕಾರಣ ನೋಡಿ! ಕೆಟ್ಟ ಕೆಲಸಕ್ಕೆ ಹೊರಟವರಿಗೆ ಒಳ್ಳೆಯ ಕಾರಣ ಸಿಗದೇ ಇರುವುದುಂಟೇ?

ರೇಸ್ ಶುರುವಾಯಿತು. ಎಂಟು ಕಾರು. ಮೂರನೆಯ ಸುತ್ತಿಗೇ ಹುಲಿಗೆಮ್ಮ ಮುಂದೆ ಹೋದಳು, ಮತ್ತೆ ಯಾರಿಗೂ ಸಿಗಲಿಲ್ಲ. ಹದಿನಾಲ್ಕನೆಯ ಸುತ್ತಿನಲ್ಲಿ ಅವಳು ಗೆರೆ ದಾಟಿದಾಗ ಮಾಸ್ತರ ಸೀಮೆಸುಣ್ಣ ಹಲಗೆಯನ್ನು ಮುಟ್ಟಲಿಲ್ಲ.

ಇಪ್ಪತ್ತೈದು ಸುತ್ತು ಮುಗಿಸಿ ಅವಳು ಗೆರೆ ದಾಟಿದಳು. ಗೆಲುವಿನ ಬಾವುಟ ಏಳಲಿಲ್ಲ. ಅರ್ಧ ಸುತ್ತು ಹಿಂದೆ ಬಂದ ಪಂಪನಗೌಡನಿಗೆ ಎದ್ದಿತು.

ಹುಲಿಗೆಮ್ಮ ಕಾರಿನಿಂದಿಳಿದು ಓಡಿ ಬಂದು ಹಲಗೆ ನೋಡಿದಳು. ಮಾಸ್ತರು ತಲೆ ಎತ್ತಲಿಲ್ಲ. ಅವಳು ಜನರ ಕಡೆ ತಿರುಗಿದಳು. ಮುನ್ನೂರು ಜನ ಇದ್ದರು.

"ನೀವೆಲ್ಲಾ ನೋಡೀರಲ್ಲ, ಹೇಳ್ರಿ. ನಾ ಎಷ್ಟು ಸುತ್ತು ಹೊಡದೆ?"

ಒಬ್ಬ ಮೊಬೈಲ್ ನೋಡಿದ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಮುಂದಿನ ಸಾಲಿನಲ್ಲಿ ವೀರೇಶಪ್ಪ ಕುಳಿತಿದ್ದ. ಅವನ ಇಬ್ಬರು ಮಕ್ಕಳು ದಿನಾ ಅವಳ ವ್ಯಾನಿನಲ್ಲೇ ಶಾಲೆಗೆ ಹೋಗುವವರು.

"ಅಣ್ಣಾ, ನೀನಾದರೂ ಹೇಳು."

"ಸುಮ್ಮನಿರವ್ವ ತಂಗಿ. ಮುಂದಿನ ವರ್ಷ ನೋಡಿದರಾತು," ಎಂದ ವೀರೇಶಪ್ಪ.

ಮುಂದಿನ ವರ್ಷವಂತೆ! ಕಳೆದುಕೊಂಡವಳು ಅವನ ಮಗಳಾಗಿದ್ದರೆ ಈ ಮಾತು ಬಾಯಿಂದ ಬರುತ್ತಿತ್ತೇ?

ಹುಲಿಗೆಮ್ಮ ಕೋಚ್ ಮುಂದೆ ನಿಂತಳು. "ಸರ್, ನೀವು?"

ಪೂವಯ್ಯನವರು ಮೆಲ್ಲಗೆ ಹೇಳಿದರು. "ಇಪ್ಪತ್ತೈದೇ ಅಮ್ಮಾ. ನಾನೂ ಎಣಿಸಿದ್ದೆ. ಆದರೆ ಇಲ್ಲಿ ನಾನು ಅತಿಥಿ. ತೀರ್ಪು ನಿಮ್ಮೂರವರದು."

"ಎಣಿಸಿ ಸುಮ್ಮನ ಕುಂತೀರೇನ್ರಿ? ಹಂಗಾರ ಯಾಕ ಎಣಿಸಬೇಕಿತ್ತು?"

ಆಗ ಯಂಕೋಬ ಮಾಸ್ತರು ಎದ್ದು ಬಂದರು.

"ಹುಲಿಗೆಮ್ಮ, ಟ್ರ್ಯಾಕ್ ಉಳೀಲಿ ಅಂತ ಹಿಂಗ ಮಾಡಿದೆ ತಾಯಿ."

"ಗೆದ್ದವರನ್ನ ಗೆದ್ದರು ಅನ್ನದ ಟ್ರ್ಯಾಕ್ ಉಳದು ಏನ್ ಮಾಡೋದೈತ್ರಿ, ಸರ್?"

ಮಾಸ್ತರು ಮೈಕ್ ಕೈಗೆತ್ತಿಕೊಂಡರು. "ಹದಿನಾಲ್ಕನೇ ಸುತ್ತು ನಾನು ಬೇಕಂತಲೇ ಬರೀಲಿಲ್ಲ. ಚನ್ನನಗೌಡರು ಹೇಳಿದರು, ನಾನು ಕೇಳಿದೆ. ಗೆದ್ದಾಕಿ ಹುಲಿಗೆಮ್ಮ."

ಚನ್ನನಗೌಡ ಕೂಗಾಡಿ ಮೈಕ್ ಕಿತ್ತುಕೊಂಡ. ಅಷ್ಟರಲ್ಲಿ ಜನರಿಗೆ ಧೈರ್ಯ ಬಂದಿತ್ತು. "ಹೌದು, ಇಪ್ಪತ್ತೈದು! ನಾವೂ ನೋಡೀವಿ!" ಎಂದು ಮುನ್ನೂರು ಜನ ಒಮ್ಮೆಲೇ ಕೂಗಿದರು. ಐದು ನಿಮಿಷದ ಹಿಂದೆ ಈ ಬಾಯಿಗಳು ಎಲ್ಲಿದ್ದವು? ಪಂಪನಗೌಡ ಮಾತ್ರ ಕಾರಿನಲ್ಲೇ ಕುಳಿತಿದ್ದ, ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ತಾನು ಗೆದ್ದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಕೋಚ್ ಹುಲಿಗೆಮ್ಮನ ಹೆಸರು ಬರೆದುಕೊಂಡರು. ಅವಳು ತಂಡ ಸೇರಲು ಹೊರಟ ದಿನ ಮಾಸ್ತರು ಬಸ್ ನಿಲ್ದಾಣಕ್ಕೆ ಬಂದು ಕ್ಷಮೆ ಕೇಳಿದರು. ಅವಳು ಅವರ ಕಾಲು ಮುಟ್ಟಿ ನಮಸ್ಕರಿಸಿದಳು. "ಸಿಟ್ಟು ಇನ್ನೂ ಹೋಗಿಲ್ರಿ ಸರ್," ಎಂದೂ ಹೇಳಿದಳು. ಮೊದಲ ವರ್ಷ ಅವಳು ತಂಡದ ಪರವಾಗಿ ಆರನೆಯ ಸ್ಥಾನ ಪಡೆದಳು. ಎರಡನೆಯ ವರ್ಷ ಎರಡನೆಯ ಸ್ಥಾನ.

ಚನ್ನನಗೌಡ ಹೇಳಿದಂತೆಯೇ ಮಾಡಿದ. ಬಯಲಿಗೆ ಟ್ರ್ಯಾಕ್ಟರ್ ಬಿಟ್ಟು ಟ್ರ್ಯಾಕ್ ಉತ್ತುಬಿಟ್ಟ. ಆರು ತಿಂಗಳು ರೇಸ್ ಇರಲಿಲ್ಲ. ಆಮೇಲೆ ಹುಡುಗ ಹುಡುಗಿಯರೇ ಸೇರಿ, ಮುಚ್ಚಿಹೋಗಿದ್ದ ಇಟ್ಟಿಗೆ ಭಟ್ಟಿಯ ಜಾಗ ಕೇಳಿ ಪಡೆದು, ಸಲಿಕೆ ಹಿಡಿದು ಹೊಸ ಟ್ರ್ಯಾಕ್ ಮಾಡಿದರು. ಅಲ್ಲಿ ಈಗ ಸುತ್ತು ಎಣಿಸುವುದು ಒಬ್ಬರ ಕೆಲಸವಲ್ಲ. ಕಾರು ಗೆರೆ ದಾಟಿದಾಗೆಲ್ಲ ನೋಡಲು ಬಂದವರೆಲ್ಲ ಗಟ್ಟಿಯಾಗಿ ಎಣಿಸುತ್ತಾರೆ. ಎಲ್ಲರಿಗಿಂತ ಜೋರಾಗಿ ಕೂಗುವವರು ಯಂಕೋಬ ಮಾಸ್ತರು.

ನೀತಿ: ಅನ್ಯಾಯ ಮಾಡುವವನು ಒಬ್ಬನೇ ಇರುತ್ತಾನೆ. ಸತ್ಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಳಿತವರೇ ಅದನ್ನು ಗೆಲ್ಲಿಸುತ್ತಾರೆ. ಕಣ್ಣಾರೆ ಕಂಡದ್ದನ್ನು ಕಂಡ ಕೂಡಲೇ ಹೇಳಿ. ಕಷ್ಟಪಟ್ಟು ಗೆದ್ದವರು ನಿಮ್ಮೆದುರು ಬಂದು ಬೇಡುವವರೆಗೆ ಕಾಯಬೇಡಿ.