ಇತ್ತಲೂರಿನಿಂದ ಅತ್ತಲೂರಿಗೆ ಎಷ್ಟು ಎಲೆಯಡಿಕೆ ದೂರ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡೋಣವೆಂದರೆ ಈ ಕತೆಗೆ ಒಂದು ಊರು ಸಾಲುವುದಿಲ್ಲ. ಎರಡು ಬೇಕು. ಒಂದು ಇತ್ತಲೂರು, ಇನ್ನೊಂದು ಅತ್ತಲೂರು. ಆ ಸೀಮೆಯವರು ದೂರವನ್ನು ಎಲೆಯಡಿಕೆಯಿಂದ ಅಳೆಯುತ್ತಿದ್ದರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟು, ಜಗಿದು ಉಗಿಯುವಷ್ಟರಲ್ಲಿ ಎಷ್ಟು ದಾರಿ ಸಾಗಿತೋ ಅದು ಒಂದು ಎಲೆಯಡಿಕೆ. ಎರಡು ಊರಿನ ನಡುವೆ ನಡೆದರೆ ನಾಲ್ಕು.

ಇತ್ತಲೂರಿನಲ್ಲಿ ಬರಮವ್ವ ಎಂಬ ಸೂಲಗಿತ್ತಿ ಇದ್ದಳು. ಅವಳ ಮಗಳು ನೀಲವ್ವ ಅತ್ತಲೂರಿನ ಸೊಸೆ, ಈಗ ತುಂಬು ಬಸುರಿ. ಬರಮವ್ವ ಹೆರಿಗೆಯ ಹೊತ್ತಿಗೆ ಅಲ್ಲಿರಬೇಕಿತ್ತು.

ಜನ ನಡುವಿನ ಹಳ್ಳಕ್ಕೊಂದು ಸೇತುವೆ ಕೇಳಿದ್ದರು. ರಾಜ ಎರಡೂ ಊರಿಗೆ ಒಂದೊಂದು ವಿಮಾನ ನಿಲ್ದಾಣ ಕೊಟ್ಟ. ಇತ್ತಲೂರಿನಲ್ಲಿ ತಾನೇ ಮೊದಲು ಹತ್ತಿದ. ಎಲೆಯಡಿಕೆ ಬಾಯಿಗಿಟ್ಟ. ವಿಮಾನ ಏರಿತು, ವಿಮಾನ ಇಳಿಯಿತು.

"ಮಂತ್ರಿ, ಬಾಯಿ ಕೆಂಪಾಗುವ ಮೊದಲೇ ಊರು ಬಂತಲ್ಲ. ಇದೂ ಒಂದು ಪ್ರಯಾಣವೇ?"

"ತಪ್ಪು ಊರಿನದು, ಮಹಾಸ್ವಾಮಿ. ತೀರ ಹತ್ತಿರ ಕೂತಿದೆ."

"ಹಿಂದೆ ತಳ್ಳು."

ತಳ್ಳಿದರು. ಅತ್ತಲೂರನ್ನು ತಳ್ಳಿದವರು ಅತ್ತಲೂರಿನವರೇ. ರಾಜ ನೋಡುತ್ತಿದ್ದ. ಬಾವಿಗಳು "ನಮಗೆ ಕಾಲಿಲ್ಲ" ಅಂದವು. ಮಂತ್ರಿ "ಕಾಲಿಲ್ಲದವರಿಗೆ ವಿನಾಯಿತಿ ಇಲ್ಲ" ಅಂದ. ಬಾವಿಗಳೂ ಹೋದವು.

ಬರಮವ್ವ ಮಂತ್ರಿಯ ಹತ್ತಿರ ಹೋದಳು. "ಇನ್ನು ದೂರ ಮಾಡಬೇಡಿ ಸಾಹೇಬರೇ, ಮಗಳಿಗೆ ದಿನ ತುಂಬಿದೆ."

"ಮಗುವಿಗೆ ನಿಧಾನ ಬಾ ಅಂತ ಹೇಳಿಕಳಿಸು."

ರಾಜ ಮತ್ತೆ ಹತ್ತಿದ. ಎಲೆಯಡಿಕೆ ಅರ್ಧ ಜಗಿದಿದ್ದ, ಊರು ಬಂತು. ಮತ್ತೆ ತಳ್ಳಿದರು. ಆಮೇಲೆ ಪೂರ್ತಿ ಜಗಿದ, ಆದರೆ ಉಗಿಯಲು ಪುರುಸೊತ್ತು ಸಿಗಲಿಲ್ಲ. ಮತ್ತೆ ತಳ್ಳಿದರು. ಗುಡ್ಡ ದಾಟಿಸಿದರು, ಕಡಲು ದಾಟಿಸಿದರು. ಭೂಮಿ ದುಂಡಗಿದೆ ಅಂತ ತಳ್ಳುವವರಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಅತ್ತಲೂರು ಸುತ್ತಿ ಬಂದು ಇತ್ತಲೂರಿನ ಬೆನ್ನಿಗೆ ಡಿಕ್ಕಿ ಹೊಡೆದು ನಿಂತಿತು.

ವಿಮಾನ ಮಾತ್ರ ಹಳೆಯ ದಾರಿಯಲ್ಲೇ, ಭೂಮಿಯನ್ನೆಲ್ಲ ಸುತ್ತಿ ಹೋಗುತ್ತಿತ್ತು. ಈಗ ನಲವತ್ತು ಎಲೆಯಡಿಕೆ. ರಾಜನಿಗೆ ತೃಪ್ತಿಯಾಯಿತು. ದೂರ ಕೆಡದಿರಲಿ ಎಂದು ಮಂತ್ರಿ ಎರಡು ಊರಿನ ನಡುವೆ ಗೋಡೆ ಎಬ್ಬಿಸಿದ.

ಅವತ್ತೇ ನೀಲವ್ವನಿಗೆ ನೋವು ಶುರುವಾಯಿತು. ಗೋಡೆಯಾಚೆಯಿಂದ ನರಳುವುದು ಕೇಳುತ್ತಿತ್ತು.

ಬರಮವ್ವ ಮತ್ತೆ ಮಂತ್ರಿಯ ಹತ್ತಿರ ಓಡಿದಳು. "ಒಂದು ಕದ ಬಿಡಿಸಿ ಸಾಹೇಬರೇ. ಒಂದು ಹೆಜ್ಜೆ ದಾರಿ."

"ಕದ ಬಿಟ್ಟರೆ ನಲವತ್ತು ಎಲೆಯಡಿಕೆ ಹಾಳಾಗುತ್ತದೆ. ಹೋಗಿ ವಿಮಾನ ಹತ್ತಜ್ಜಿ."

"ನಾನು ತಲುಪುವಷ್ಟರಲ್ಲಿ ಮಗು ನಡೆಯುತ್ತಿರುತ್ತದೆ."

"ಒಳ್ಳೆಯದೇ ಆಯಿತು. ನಿನ್ನನ್ನು ಕರೆದೊಯ್ಯಲು ಅದೇ ಬರುತ್ತದೆ."

ಬರಮವ್ವ ಮಂತ್ರಿಗೆ ಬೆನ್ನು ಹಾಕಿ ಗೋಡೆಯನ್ನೇ ಕೇಳಿದಳು. "ತಾಯೀ, ಸ್ವಲ್ಪ ಸರಿಯುತ್ತೀಯಾ?"

"ಕೇಳಿದ್ದರೆ ಆಗಲೇ ಸರಿಯುತ್ತಿದ್ದೆ" ಅಂತು ಗೋಡೆ. "ನಾನು ನಿಮ್ಮೂರ ಮಣ್ಣೇ. ಇಲ್ಲಿಯವರೆಗೆ ಎಲ್ಲರೂ ಮಂತ್ರಿಯನ್ನೇ ಕೇಳುತ್ತಿದ್ದಿರಿ." ಅಂದು ನೆಲಕ್ಕೆ ಮಲಗಿಬಿಟ್ಟಿತು.

ಬರಮವ್ವ ಒಂದು ಹೆಜ್ಜೆ ಇಟ್ಟಳು. ಹೆಣ್ಣು ಮಗು. ಅಜ್ಜಿಯ ಕೈಗೇ ಬಂತು.

ನೀತಿ ಬೇಕೇ? ಗೋಡೆ ಕಟ್ಟಿದವನನ್ನು ಕೇಳಬೇಡಿ, ಗೋಡೆಯನ್ನು ಕೇಳಿ. ಅವರು ಅಲ್ಲಿ ಬಾಣಂತಿಗೆ ನೀರು ಕಾಯಿಸುತ್ತಿದ್ದಾರೆ. ನಾವು ಇಲ್ಲಿ ಕತೆ ಕೇಳುತ್ತ ಕೂತಿದ್ದೇವೆ. ಇನ್ನು ಏಳಿ.