ಕೊಳಚೆ ತೊಟ್ಟಿಯ ಟೀ

ನಾನು ಪುರಸಭೆಯಲ್ಲಿ ಇಂಜಿನಿಯರಾಗಿದ್ದಾಗಿನ ಮಾತಿದು. ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಕೇಳಿ. ಊರಿನ ಕೊಳಚೆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವನು ಓಬಳೇಶ. ತೊಟ್ಟಿಯ ಬ್ಯಾಕ್ಟೀರಿಯಾಗಳು ಕೊಳೆ ತಿಂದು ಗ್ಯಾಸ್ ಕೊಡುತ್ತಿದ್ದವು. ಆ ಗ್ಯಾಸಿನಲ್ಲೇ ಅವನು ನಮಗೆ ಟೀ ಕಾಯಿಸುತ್ತಿದ್ದ.

ಮಂತ್ರಿಗಳು ಬರುವ ಹಿಂದಿನ ದಿನ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ಬಂದರು.

"ಏನಯ್ಯ ಈ ನಾತ! ತೊಟ್ಟಿಗೆ ಎರಡು ಡ್ರಮ್ ಫಿನಾಯಿಲ್ ಸುರಿ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸ್ವಾಮಿ" ಎಂದು ಒಳಗೆ ಹೋದ ಓಬಳೇಶ ಹಳೆಯದೊಂದು ಹಗ್ಗ, ಬಕೆಟ್ಟು ತಂದು ಅವರ ಕಾಲ ಬಳಿ ಇಟ್ಟ.

"ಇದ್ಯಾಕೋ?"

"ಫಿನಾಯಿಲ್ ಬಿದ್ರೆ ಕೊಳೆ ತಿನ್ನೋ ಈ ಹುಳಗಳೆಲ್ಲ ಸಾಯ್ತವೆ. ಆಮೇಲೆ ಕೊಳೆ ಎತ್ತೋಕೆ ಮನುಷ್ಯನೇ ಇಳೀಬೇಕು. ಯಾರನ್ನ ಇಳಿಸ್ಲಿ ಅಂತ ಹೆಸರು ಬರೆದು ಸೈನ್ ಹಾಕಿ ಸ್ವಾಮಿ. ತೊಟ್ಟಿ ಕಟ್ಟೋಕೆ ಮುಂಚೆ ಇದೇ ಹಗ್ಗ ಕಟ್ಕೊಂಡು ನಮ್ಮಣ್ಣ ಗುಂಡಿಗೆ ಇಳಿದಿದ್ದ. ಹೆಣ ಮೇಲೆ ಬಂತು."

ಪೆನ್ನನ್ನೂ ಮುಂದೆ ಹಿಡಿದ. ಅಧ್ಯಕ್ಷರು ಮುಟ್ಟಲಿಲ್ಲ. ಕರವಸ್ತ್ರ ಮೆಲ್ಲಗೆ ಜೇಬು ಸೇರಿತು.

"ಟೀ ಇದೆಯೇನಪ್ಪಾ?" ಎಂದರು.

ಇದ್ದವರು ನಾವು ಮೂವರು. ಓಬಳೇಶ ನಾಲ್ಕು ಲೋಟ ತುಂಬಿಸಿದ. ನಾಲ್ಕನೆಯದನ್ನು ಹಗ್ಗದ ಪಕ್ಕ ಇಟ್ಟ.