ಅರ್ಧ ಬಾವಿ ನೋಡಿದ ಮಾಗುಂಡಪ್ಪ

ಬಹಳ ಬಹಳ ಹಿಂದೆ, ಟೀವಿಗಳ ಬೆನ್ನಿಗೆ ಇನ್ನೂ ಗೂನು ಇದ್ದ ಕಾಲದಲ್ಲಿ, ಕುಪ್ಪಸದ ಖಣ ನೇಯುವ ಒಂದೂರಲ್ಲಿ ಮಾಗುಂಡಪ್ಪ ಅಂತ ಒಬ್ಬ ನೇಕಾರನಿದ್ದ. ಅದೇ ಊರಲ್ಲಿ ತುಳಸವ್ವ ಅನ್ನುವವಳು ತನ್ನ ಪಡಸಾಲೆಯಲ್ಲೇ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಳು. ಮಗ್ಗ ಬಿಟ್ಟರೆ ಮಾಗುಂಡಪ್ಪ ಅಲ್ಲೇ. ಆಡಲು ಕೂತರೆ ರೆಪ್ಪೆ ಬಡಿಯುತ್ತಿರಲಿಲ್ಲ ಅಂತಾರೆ. ಅದು ಸುಳ್ಳಿರಬಹುದು. ಆದರೆ ಆಟದ ಬಗ್ಗೆ ಅವನಾಡಿದ ಮಾತು ಸುಳ್ಳಾಗುವುದಿಲ್ಲ ಅಂತ ಊರಿಗೆ ಊರೇ ನಂಬಿತ್ತು.

ಅವನಿಗೆ ಎಲ್ಲ ಆಟವೂ ಹಿಡಿಸುತ್ತಿರಲಿಲ್ಲ. ಬಲಕ್ಕೆ ಓಡು, ಗುದ್ದು, ಗೆಲ್ಲು ಅನ್ನುವ ಆಟ ಹಾಕಿದರೆ ಎದ್ದು ಚಹಾಕ್ಕೆ ಹೋಗುತ್ತಿದ್ದ. ಅವನಿಗೆ ಬೇಕಾದದ್ದು ಹುಡುಕಾಡುವ ಆಟ. ಗುಹೆ ಇರಬೇಕು, ಮುಚ್ಚಿದ ಬಾಗಿಲಿರಬೇಕು, ಈಗ ಎಟುಕದ್ದು ಮುಂದೊಂದು ಶಕ್ತಿ ಸಿಕ್ಕ ಮೇಲೆ ಎಟುಕಬೇಕು. ಹೋದ ದಾರಿಯಲ್ಲೇ ಮರಳಿ ಬಂದಾಗ ದಾರಿ ಅದೇ ಇರಬೇಕು, ಆಡುವವನು ಬೆಳೆದಿರಬೇಕು ಅನ್ನುತ್ತಿದ್ದ. ಒಂದು ಆಟಕ್ಕೆ ಬೀಗ ಬಹಳ, ಒಳಗೆ ಏನೂ ಇಲ್ಲ ಅಂದ. ಇನ್ನೊಂದು ಹೆಜ್ಜೆಹೆಜ್ಜೆಗೂ ದಾರಿ ಹೇಳಿಕೊಟ್ಟು ಮಜಾ ಕೆಡಿಸುತ್ತದೆ ಅಂದ. ಅಂದದ್ದನ್ನು ತುಳಸವ್ವನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಚಲೋ ಅಂತ ಬರೆದರೆ ಜನ ಮುಗಿಬೀಳುತ್ತಿದ್ದರು, ದಂಡ ಅಂತ ಬರೆದರೆ ಒಂದು ನರಪಿಳ್ಳೆಯೂ ಅದನ್ನು ಮುಟ್ಟುತ್ತಿರಲಿಲ್ಲ.

ಆಗ ಬಂತು ನೋಡಿ ಬಾವಿ ಆಟ! ಅದರ ನಿಜವಾದ ಹೆಸರು ಯಾರಿಗೂ ಓದಲು ಬರಲಿಲ್ಲ. ಒಬ್ಬ ಸಿಪಾಯಿ ಬಾವಿಗೆ ಇಳಿಯುತ್ತಾನೆ, ತಳದಲ್ಲಿ ಎಡಕ್ಕೂ ಬಲಕ್ಕೂ ಗುಹೆ. ತುಳಸವ್ವ ತಾನೇ ಆರಿಸಿ ತಂದ ಕ್ಯಾಸೆಟ್ಟು ಅದು, ಅದರ ಮೇಲೆ ಅವಳಿಗೆ ಪ್ರಾಣ.

ಮಾಗುಂಡಪ್ಪ ಆಡುವಾಗ ಪಕ್ಕದಲ್ಲಿ ಚೌಕಳಿ ಕಾಗದ ಇಟ್ಟುಕೊಳ್ಳುತ್ತಿದ್ದ. ಖಣದ ಚಿತ್ತಾರ ಬಿಡಿಸುವ ಕಾಗದವೇ ಅದು, ಕೋಣೆಗೊಂದು ಚೌಕ ತುಂಬಿ ಆಟದ ನಕ್ಷೆ ಮಾಡುತ್ತಿದ್ದ. ಚಿತ್ತಾರದಲ್ಲಾದರೆ ಅರ್ಧ ಬಿಡಿಸಿದರೆ ಸಾಕು, ಇನ್ನರ್ಧ ಅದನ್ನೇ ಮಗುಚಿದ್ದು. ಅವನು ಬಾವಿಯ ಬಲಭಾಗವನ್ನೆಲ್ಲ ತಿರುಗಿದ. ಎಡಕ್ಕೆ ಎರಡೇ ಕೋಣೆ ಇಣುಕಿದ, ಅವು ಬಲಗಡೆಯಂತೆಯೇ ಇದ್ದವು. ಅಷ್ಟು ಸಾಕಾಯಿತು ಅವನಿಗೆ. ಕಾಗದ ಮಡಚಿ ಉಳಿದದ್ದನ್ನು ತಾನೇ ತುಂಬಿಕೊಂಡು, ಎರಡೂ ಕಡೆ ಒಂದೇ, ಕೊನೆಯೂ ಇಲ್ಲ, ದಂಡ ಅಂತ ಗೋಡೆಗೆ ಬರೆದುಬಿಟ್ಟ.

ಎರಡು ವಾರ ಬಾವಿ ಆಟಕ್ಕೆ ಧೂಳು ಕೂತಿತು. ಶನಿವಾರ ಬೆಳಿಗ್ಗೆ ಕ್ಯಾಸೆಟ್ಟು ಬದಲಿಸಿಕೊಡುವವನು ಚೀಲ ಹಿಡಿದು ಬಂದ. ಅವನ ಚೀಲಕ್ಕೆ ಬಿದ್ದದ್ದು ಮರಳಿ ಸಿಗುವುದಿಲ್ಲ, ಅಂಥ ಕ್ಯಾಸೆಟ್ಟು ಅವನ ಹತ್ತಿರ ಇನ್ನೊಂದಿರಲಿಲ್ಲ. ತುಳಸವ್ವ ಅವನನ್ನು ಕೂರಿಸಿ, ಕ್ಯಾಸೆಟ್ಟು ಸೆರಗಿನಲ್ಲಿ ಹಿಡಿದು ಮಗ್ಗದ ಮನೆಗೆ ನಡೆದಳು.

"ಮಾಗುಂಡಪ್ಪಣ್ಣ, ಬಾವಿ ಆಟ ಒಯ್ಯಾಕ ಬಂದು ಕೂತಾರ. ಎಡಕ್ಕ ಪೂರ್ತಿ ಹೋಗಿದ್ರೇನು?"

ಎರಡೂ ಅಂಚಿನ ದಡಿ ಒಂದೇ ಇದ್ದ ಮೇಲೆ ಹೋಗಿ ನೋಡುವುದೇನು ಅಂದ ಅವನು.

"ಅದು ಖಣ ಅಲ್ರೀ ಅಣ್ಣ," ಅಂದಳು ತುಳಸವ್ವ. "ಅದನ್ನ ಮಾಡಿದವ್ರು ಬ್ಯಾರೆ."

ಅವನ ಕೈಯ ಲಾಳಿ ನಿಂತಿತು. ತಪ್ಪಿದ್ದು ನಿಜವಾದರೆ ಊರೆದುರು ಮರ್ಯಾದೆ ಹೋಗುತ್ತದೆ. ಸುಮ್ಮನಿದ್ದರೆ ಆಟ ಹೋಗುತ್ತದೆ, ತಪ್ಪು ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿರುವುದೇ ಸುಲಭವಿತ್ತು. ಆದರೆ ಆ ಎರಡು ಕೋಣೆಯ ಆಚೆ ಏನಿದ್ದೀತು ಅನ್ನುವ ಆಸೆ ಅವನನ್ನು ಬಿಡಲಿಲ್ಲ. ಚಪ್ಪಲಿ ಮೆಟ್ಟದೆ ತುಳಸವ್ವನ ಪಡಸಾಲೆಗೆ ಓಡಿದ ಅಂತಾರೆ.

ಮೂರು ದಿನ ಏಳದೆ ಆಡಿದ ಅಂತಾರೆ. ಮೂರು ತಾಸು ಅಂತ ಇಟ್ಟುಕೊಳ್ಳೋಣ. ಎಡದ ಮೂರನೇ ಕೋಣೆಯಲ್ಲಿ ನುಣ್ಣನೆಯ ಗೋಡೆ ಅಡ್ಡ ಬಂತು. ಬಲಗಡೆ ಅವನಿಗೊಂದು ಕೈಗವಸು ಸಿಕ್ಕಿತ್ತು, ಕೆಲಸಕ್ಕೆ ಬಾರದ್ದು ಅಂತ ಬೈದಿದ್ದ. ಅದನ್ನು ತೊಡಿಸಿದ್ದೇ ತಡ, ಸಿಪಾಯಿ ಉಡದ ಹಾಗೆ ಗೋಡೆ ಹತ್ತಿದ! ಪಡಸಾಲೆಯೆಲ್ಲ ಹೋ ಅಂದಿತು. ಗೋಡೆಯಾಚೆ ಕೆರೆ, ಕೆರೆಯಾಚೆ ತಲೆಕೆಳಗಾದ ಊರು, ಊರಿನಾಚೆ ಒಂದು ಸುರಂಗ. ಸುರಂಗ ತೂರಿ ಹೊರಬಂದರೆ ಎಲ್ಲಿ? ಆಟ ಶುರುವಾಗುವ ಮೊದಲನೇ ಕೋಣೆಯಲ್ಲೇ, ಎಲ್ಲರೂ ಬರೀ ಚಿತ್ರ ಅಂದುಕೊಂಡಿದ್ದ ಎತ್ತರದ ಕಟ್ಟೆಯ ಮೇಲೆ! ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕ್ಯಾಸೆಟ್ಟಿನವನಿಗೆ ಬಸ್ಸು ತಪ್ಪಿದ್ದೂ ಗೊತ್ತಾಗಲಿಲ್ಲ.

ಮಾಗುಂಡಪ್ಪನ ಕಣ್ಣಲ್ಲಿ ನೀರು. ಅಷ್ಟು ಖುಷಿ, ಅಷ್ಟೇ ನಾಚಿಕೆ. ಎದ್ದವನೇ ಧೋತರದ ಚುಂಗಿನಿಂದ ದಂಡ ಅನ್ನುವುದನ್ನು ಒರೆಸಿದ. ಎಲ್ಲರೂ ನೋಡುತ್ತಿರುವಾಗಲೇ ಬರೆದ: "ಅರ್ಧ ನೋಡಿ ಬರೆದಿದ್ದೆ. ತಪ್ಪು ನನ್ನದು. ಎಡಕ್ಕೆ ಹೋಗಿ." ಒಬ್ಬಿಬ್ಬರು ಕಿಸಕ್ಕೆಂದರು. ತುಳಸವ್ವ ನಗಲಿಲ್ಲ, ಅವನಿಗೊಂದು ತಂಬಿಗೆ ನೀರು ಕೊಟ್ಟಳು. ಕ್ಯಾಸೆಟ್ಟು ಊರಲ್ಲೇ ಉಳಿಯಿತು.

ಈಗ ಅವನೂ ಇಲ್ಲ, ಅವಳೂ ಇಲ್ಲ. ಆದರೆ ಆ ಊರಲ್ಲಿ ಇವತ್ತಿಗೂ ಯಾರಾದರೂ ಒಂದು ಆಟವನ್ನೋ, ಸಿನಿಮಾವನ್ನೋ, ಹೊಸ ಸೊಸೆ ಮಾಡಿದ ಸಾರನ್ನೋ ದಂಡ ಅಂದರೆ ಸಾಕು, ಪಕ್ಕದಲ್ಲಿದ್ದವರು ಕೇಳುತ್ತಾರೆ: "ಎಡಕ್ಕ ಹೋಗಿದ್ದೇನಪಾ?" ಅನಿಸಿಕೊಂಡವನು ಸಿಟ್ಟಾಗುವುದಿಲ್ಲ. ತೆಪ್ಪಗೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.